ಬಾವಿಯ ಊರಿನಿಂದ ಕುದುರೆಲಾಳದ ಅಂಗಣಕ್ಕೆ

ಧಾರವಾಡದಿಂದ ಸವದತ್ತಿಯ ಹಾದಿ ಹಿಡಿದರೆ, ಊರಿನ ಕೊನೆಯ ಮನೆಗಳು ಮುಗಿಯುತ್ತಲೇ ಎರಡೂ ಮಗ್ಗುಲಿಗೆ ಎರೆಹೊಲ ತೆರೆದುಕೊಳ್ಳುವುದು. ಎಲ್ಲಮ್ಮನ ಗುಡ್ಡಕ್ಕೆ ಹೊರಟ ಭಕ್ತರು ತಲೆತಲಾಂತರದಿಂದ ತುಳಿದ ಹಾದಿಯಿದು. 10–11 ಕಿಲೋಮೀಟರು ಸಾಗುವಷ್ಟರಲ್ಲಿ ಅಮ್ಮಿನಬಾವಿ ಬರುವುದು. ಹಳೆಯ ಊರು. ನೇಮಿನಾಥನ ಬಸದಿಯಿದೆ, ಹಿರೇಮಠವಿದೆ, ಕಲ್ಲಿನಲ್ಲಿ ಕೊರೆದ ಶಾಸನಗಳಿವೆ. ಹೆಸರಿನಲ್ಲಿಯೇ ಬಾವಿಯನ್ನು ಇಟ್ಟುಕೊಂಡ ಈ ಊರಿಗೆ ಕಾಲವು ಇನ್ನೊಂದು ನೀರಿನ ಕೆಲಸವನ್ನೂ ವಹಿಸಿತು. ನವಿಲುತೀರ್ಥದ ಅಣೆಕಟ್ಟಿನ ಹಿಂದೆ ನಿಂತ ಮಲಪ್ರಭೆಯ ನೀರು ಕೊಳವೆಗಳಲ್ಲಿ ಇಲ್ಲಿಗೆ ಬಂದು, ಶುದ್ಧಗೊಂಡು, ಹುಬ್ಬಳ್ಳಿ ಧಾರವಾಡಗಳ ನಲ್ಲಿಗಳಿಗೆ ಹರಿಯುವುದು. ನಗರದ ಗೃಹಿಣಿಯರು ಈ ಊರನ್ನು ಕಂಡಿರಲಿಕ್ಕಿಲ್ಲ. ಆದರೆ ನಲ್ಲಿ ಬರುವ ಸರದಿ ತಪ್ಪಿದ ದಿನ ಅದರ ಹೆಸರನ್ನು ಅವರು ಕೇಳಿಯೇ ಇರುತ್ತಾರೆ.

ನೀರು ಹರಿಯುವ ದಿಕ್ಕಿನಲ್ಲಿಯೇ ಈ ಸೀಮೆಯ ಮಕ್ಕಳೂ ಹೊರಡುತ್ತಾರೆ. ಮುಂಜಾನೆಯ ಬಸ್ಸು ಹಿಡಿದು ಧಾರವಾಡದ ಕಾಲೇಜು ಸೇರುವುದು ಇಲ್ಲಿನ ವಾಡಿಕೆ. ಆ ಕಾಲೇಜುಗಳಲ್ಲಿ ಹಿರಿಯದಾದ ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾಯಿತು. ಅದು ನೆಲೆನಿಂತ ಭವ್ಯ ಕಟ್ಟಡ ಮೊದಲು ದಕ್ಷಿಣ ಮರಾಠಾ ರೈಲ್ವೆಯ ಕಚೇರಿಯಾಗಿತ್ತು. ರೈಲು ಹೋಗಿ ವಿದ್ಯೆ ಬಂದರೂ ಅಲ್ಲಿಂದ ದೂರ ಪ್ರಯಾಣ ಹೊರಡುವವರು ಕಡಿಮೆಯಾಗಲಿಲ್ಲ. ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿಗೂ, ಡಿ. ಸಿ. ಪಾವಟೆಯವರು ಕೇಂಬ್ರಿಜ್ಜಿಗೂ, 1960ರಲ್ಲಿ ಗಿರೀಶ ಕಾರ್ನಾಡರು ಮತ್ತೆ ಆಕ್ಸ್‌ಫರ್ಡಿಗೂ ಹೋದರು. ತರುವಾಯದ ತಲೆಮಾರು ಬಹುಮಟ್ಟಿಗೆ ಅಮೇರಿಕೆಯತ್ತ ಮುಖಮಾಡಿತು.

ಹಾಗೆ ಹೋದವರು ಅಲ್ಲಿ ಪದವಿಯನ್ನಷ್ಟೇ ಪಡೆಯುವುದಿಲ್ಲ, ಇನ್ನೊಂದು ಕಾಲೇಜಿನ ಹಳೆಯ ವಿದ್ಯಾರ್ಥಿಗಳೂ ಆಗುತ್ತಾರೆ. ಇದರ ಅರ್ಥ ಅಲ್ಲಿಯ ಶನಿವಾರವನ್ನು ಕಾಣದವರಿಗೆ ತಿಳಿಯುವುದು ಕಠಿಣ. ಧಾರವಾಡದ ಕಡೆ ಕಾಲೇಜಿನ ಪಂದ್ಯವೆಂದರೆ ಬಯಲಿನ ಅಂಚಿನಲ್ಲಿ ಸೈಕಲ್ಲಿಗೆ ಒರಗಿ ನೋಡುವಂಥದು. ಜಾತ್ರೆಯ ಕುಸ್ತಿಗಾದರೂ ಅಷ್ಟೇ; ಮೊದಲು ಬಂದವನು ಮುಂದೆ ಕೂಡುತ್ತಾನೆ, ತಡವಾಗಿ ಬಂದವನು ಬೇವಿನ ಮರ ಹತ್ತುತ್ತಾನೆ. ಓಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ ಮಾತ್ರ ಕಾಲೇಜಿನ ಆಟವೆಂದರೆ ಒಂದು ಮಹಾಜಾತ್ರೆ. ಓಲೆಂಟ್ಯಾಂಗಿ ನದಿಯ ಬಳಿ 1922ರಲ್ಲಿ ಕಟ್ಟಿದ ಅಲ್ಲಿಯ ಕ್ರೀಡಾಂಗಣ ಕುದುರೆಲಾಳದ ಆಕಾರದ್ದು. ಇಂದು ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂಡಬಹುದು. ಆಡುವುದು ಕಾಲಿನ ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು, ಶಿರಸ್ತ್ರಾಣ ತೊಟ್ಟ ಹನ್ನೊಂದು ಜನ ಎದುರಿನ ಹನ್ನೊಂದು ಜನರನ್ನು ತಳ್ಳುತ್ತ ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದೆ ಸಾಗಬೇಕಾದ ಆಟ. ಅದನ್ನು ಫುಟ್‌ಬಾಲ್ ಎಂದೇಕೆ ಕರೆದರೋ, ಆ ಜನಕ್ಕೇ ಗೊತ್ತು.

ವರ್ಷಕ್ಕೆ ತವರಿನಲ್ಲಿ ನಡೆಯುವ ಪಂದ್ಯಗಳು ಏಳೆಂಟು ಮಾತ್ರ. ಅರುವತ್ತು ಸಾವಿರಕ್ಕೂ ಮೀರಿದ ಈಗಿನ ವಿದ್ಯಾರ್ಥಿಗಳಿದ್ದಾರೆ, ಅಧ್ಯಾಪಕರಿದ್ದಾರೆ, ಕ್ರೀಡಾ ವಿಭಾಗಕ್ಕೆ ಕೈಬಿಚ್ಚಿ ಕೊಟ್ಟ ದಾನಿಗಳಿದ್ದಾರೆ. ಅವರೆಲ್ಲರ ಹಿಂದೆ ದೇಶದ ತುಂಬ, ಲೋಕದ ತುಂಬ ಚದುರಿದ ಹಳೆಯ ವಿದ್ಯಾರ್ಥಿಗಳ ಸಮುದ್ರ. ಇಷ್ಟು ಜನಕ್ಕೆ ಲಕ್ಷ ಆಸನವೂ ಸಾಲದು. ಆದ್ದರಿಂದಲೇ ಹಳೆಯ ವಿದ್ಯಾರ್ಥಿಗಳ ಸಂಘದ ಸದಸ್ಯರಿಗೆ ಲಾಟರಿಯ ಮೂಲಕ ಟಿಕೇಟು ಹಂಚುವ ಪದ್ಧತಿ ಬೆಳೆದುಬಂದಿತ್ತು. ಅದರಲ್ಲಿ ಹಣದ ಬಹುಮಾನವೇನೂ ಇರಲಿಲ್ಲ. ಚೀಟಿ ಹತ್ತಿದವನಿಗೆ ದೊರೆಯುತ್ತಿದ್ದುದು ಟಿಕೇಟನ್ನು ಪೂರ್ತಿ ಬೆಲೆ ಕೊಟ್ಟು ಕೊಳ್ಳುವ ಹಕ್ಕು, ಅಷ್ಟೇ! ಆ ಹಕ್ಕಿಗಾಗಿ ಬೆಳೆದ ಗಂಡಸರೂ ಹೆಂಗಸರೂ ತಿಂಗಳುಗಟ್ಟಲೆ ಕಾಯುತ್ತಿದ್ದರು.

ಧಾರವಾಡದ ಮುದುಕಿಗೆ ಇದನ್ನು ವಿವರಿಸುವುದು ಕಷ್ಟವಾಗದು. ಅಣ್ಣತಮ್ಮಂದಿರ ಹೊಲ ಪಾಲಾಗುವಾಗ ಬಾವಿಯ ಮಗ್ಗುಲಿನ ತುಂಡು ಯಾರಿಗೆ, ಹಳ್ಳದಾಚೆಯದು ಯಾರಿಗೆ ಎಂದು ಜಗಳ ಹತ್ತಿದರೆ, ಹಿರಿಯರು ಚೀಟಿ ಬರೆದು ದೇವರ ಮುಂದೆ ಹಾಕಿ ಒಂದು ಕೂಸಿನ ಕೈಯಿಂದ ಎತ್ತಿಸುವುದನ್ನು ಆಕೆ ಕಂಡವಳು. ಅಲ್ಲಿ ಪರದೇಶಕ್ಕೆ ಹೋದ ಮಗನ ಹೆಸರಿನ ಚೀಟಿಯೂ ಉಳಿದವರ ಚೀಟಿಗಳೊಡನೆ ಬೀಳುವುದು. ಊರು ಬಿಟ್ಟನೆಂದು ಪಾಲು ತಪ್ಪುವುದಿಲ್ಲ. ಓಹಾಯೋದ ಲಾಟರಿಯ ಗುಣವೂ ಇದೇ ಆಗಿತ್ತು. ಸಾಲು ನಿಲ್ಲಿಸಿದರೆ ಹತ್ತಿರದವನು ಗೆಲ್ಲುವನು, ಹರಾಜು ಹಾಕಿದರೆ ಸಿರಿವಂತನು ಗೆಲ್ಲುವನು. ಚೀಟಿ ಎತ್ತಿದರೆ ಸಾವಿರ ಮೈಲು ದೂರದ ಬಾಡಿಗೆಮನೆಯ ಇಂಜಿನಿಯರನಿಗೂ ಸಮನಾದ ಆಸೆ ಇರುವುದು.

ಆದರೆ ಈ ನ್ಯಾಯಕ್ಕೂ ಒಂದು ಮೇರೆಯಿತ್ತು. ಲಾಟರಿಗೆ ಬರುತ್ತಿದ್ದುದು ದಾನಿಗಳ ಪಂಕ್ತಿ ಎದ್ದ ಮೇಲೆ ಉಳಿದ ಆಸನಗಳು. ಬಾವಿಯ ಮಗ್ಗುಲಿನ ತುಂಡನ್ನು ಮೊದಲೇ ಒಬ್ಬರಿಗೆ ಕೊಟ್ಟು, ಮಿಕ್ಕ ಹೊಲಕ್ಕೆ ಚೀಟಿ ಹಾಕಿದಂತೆ. ಸಂಘಕ್ಕೆ ಚಂದಾ ತೆತ್ತು ಸದಸ್ಯನಾದವನಿಗೆ ಮಾತ್ರ ಚೀಟಿಯೆಂದರೆ ಆಸೆ ಪಡುವುದಕ್ಕೂ ಒಂದು ದರ ನಿಗದಿಯಾದಂತಾಯಿತು. ಆದರೂ ಆ ಚಂದಾ ಕಟ್ಟುವವರಿಗೆ ಕೊರತೆಯಿರಲಿಲ್ಲ. ಪರದೇಶದಲ್ಲಿ ಇಪ್ಪತ್ತು ವರ್ಷ ಬಾಳಿದವನಿಗೆ ತನ್ನದೆಂದು ಹೇಳಿಕೊಳ್ಳುವ ನೆಲ ಒಂದಾದರೂ ಬೇಕಲ್ಲವೆ? ಹಲವರಿಗೆ ಅದು ತಾವು ಮೊದಲು ಬಂದಿಳಿದ ಕಾಲೇಜಿನ ಅಂಗಳವೇ.

ಎಲ್ಲರೂ ಹಂಬಲಿಸುವುದು ನೆರೆಯ ಮಿಶಿಗನ್ ವಿಶ್ವವಿದ್ಯಾಲಯದೊಡನೆ ನವೆಂಬರಿನ ಕೊನೆಗೆ ನಡೆಯುವ ಪಂದ್ಯಕ್ಕೆ. ಅದು ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ. ಹೀಗಾಗಿ ಕೊಲಂಬಸ್ಸಿನಲ್ಲಿ ಚೀಟಿ ತಪ್ಪಿದವನು ಎರಡು ವರ್ಷ ಕಾಯಬೇಕಿತ್ತು. ಅಲ್ಲಿ ನಡುಹಗಲು ಹನ್ನೆರಡಕ್ಕೆ ಆಟ ಆರಂಭವಾಗುವಾಗ ಅಮ್ಮಿನಬಾವಿಯಲ್ಲಿ ರಾತ್ರಿ ಹತ್ತೂವರೆ. ಹಿಂಗಾರಿಯ ಜೋಳ, ಕಡಲೆ ಹೊಲದಲ್ಲಿ ನಿಂತಿರುವ ಕಾಲ, ಥಂಡಿ ಬಿದ್ದಿರುತ್ತದೆ. ಇಂಥ ಹೊತ್ತಿನಲ್ಲಿ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಫೋನು ಗಂಟೆ ಬಾರಿಸುತ್ತಿತ್ತು.

"ಈ ಸಲರೆ ಚೀಟಿ ಹತ್ತಿತೇನಪಾ?" ಎಂದು ತಾಯಿ ಕೇಳುತ್ತಿದ್ದಳು.

"ಇಲ್ಲವ್ವಾ. ಮನ್ಯಾಗ ಕುಂತು ಟೀವಿಯೊಳಗ ನೋಡಾಕತ್ತೀನಿ."

"ಇರಲಿ ಬಿಡು. ಹೊರಗ ಥಂಡಿ ಭಾಳ ಇರತೈತಿ," ಎನ್ನುತ್ತಿದ್ದಳು ಆಕೆ. ಆಮೇಲೆ ಮಾತು ಕಡಲೆಯ ಬೆಳೆಯತ್ತ ತಿರುಗುತ್ತಿತ್ತು.