ಜಿಲ್ಲೆ ಒಂದು, ಜನ ಅರವತ್ನಾಲ್ಕು

ಅಮೆರಿಕದಲ್ಲಿ ಕೌಂಟಿ ಅಂದ್ರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಪಶ್ಚಿಮ ಟೆಕ್ಸಾಸ್‌ನ ಲವಿಂಗ್ ಕೌಂಟಿಯ ವಿಸ್ತಾರ ಸುಮಾರು 1,750 ಚದರ ಕಿಲೋಮೀಟರ್, ಬೆಂಗಳೂರು ನಗರದ ಎರಡು ಪಟ್ಟಿಗೂ ಜಾಸ್ತಿ. 2020ರ ಜನಗಣತಿಯಲ್ಲಿ ಲೆಕ್ಕಕ್ಕೆ ಸಿಕ್ಕವರು ಬರೀ 64 ಜನ! ನಮ್ಮ ಅಪಾರ್ಟ್‌ಮೆಂಟಿನ ಒಂದೇ ಬ್ಲಾಕಿನಲ್ಲಿ ಇದಕ್ಕಿಂತ ಹೆಚ್ಚು ಮಂದಿ ಇದ್ದೀವಿ.

ನೆಲ ಒಣ, ಬರೀ ಕುರುಚಲು ಗಿಡ. ಗಡಿಯಲ್ಲಿ ಪೆಕೋಸ್ ನದಿಯೇನೋ ಇದೆ, ನೀರು ಉಪ್ಪುಪ್ಪು. ಇರೋದು ಮೆಂಟೋನ್ ಅನ್ನೋ ಒಂದೇ ಊರು. ಮಕ್ಕಳು ಶಾಲೆಗೆ ಪಕ್ಕದ ಕೌಂಟಿಯ ವಿಂಕ್‌ಗೆ ಹೋಗಬೇಕು.

ಇತಿಹಾಸ ಇನ್ನೂ ತಮಾಷೆ. 1893ರಲ್ಲಿ ನೀರಾವರಿ ಕಂಪನಿಯೊಂದರ ಮಂದಿ ಸುಳ್ಳು ಅರ್ಜಿ ಕೊಟ್ಟು ಇಲ್ಲಿ ಆಡಳಿತ ಶುರು ಮಾಡಿಸಿದರು. ಮೋಸ ಬಯಲಾಗಿ 1897ರಲ್ಲಿ ಎಲ್ಲಾ ರದ್ದು. ಆಮೇಲೆ ಎಣ್ಣೆ ಸಿಕ್ಕಿತು, 1931ರಲ್ಲಿ ಕೌಂಟಿ ಮತ್ತೆ ಹುಟ್ಟಿತು. ಟೆಕ್ಸಾಸ್‌ನಲ್ಲಿ ಎರಡು ಸಲ ಹುಟ್ಟಿದ ಕೌಂಟಿ ಇದೊಂದೇ.

ಇವತ್ತೂ ಎಣ್ಣೆಯದೇ ದರ್ಬಾರು. ನಾವು ಹೋದಾಗ ರಸ್ತೆ ತುಂಬಾ ಲಾರಿ. ಬಾವಿಗಳಲ್ಲಿ ದುಡಿಯುವವರು ಶೆಡ್ಡು, ಟ್ರೇಲರುಗಳಲ್ಲಿ ಮಲಗುತ್ತಾರೆ. ಆದರೆ ಮನೆ ಬೇರೆ ಕಡೆ ಇರೋದರಿಂದ ಗಣತಿಗೆ ಅವರು ಇಲ್ಲಿನವರಲ್ಲ. ತೆರಿಗೆ ಮಾತ್ರ ಧಾರಾಳವಾಗಿ ಬರುತ್ತೆ. ಅದನ್ನು ಖರ್ಚು ಮಾಡೋರು ಯಾರು ಅಂತ ತೀರ್ಮಾನಿಸೋದು ಬೆರಳೆಣಿಕೆಯ ಓಟುಗಳು. ಹಾಗಾಗಿ ‘ಇವನು ನಿಜವಾಗಿ ಇಲ್ಲೇ ಇರ್ತಾನಾ?’ ಅನ್ನೋ ಜಗಳ ಕೋರ್ಟಿಗೂ ಹೋಗಿದೆ. 64 ಅನ್ನೋ ಸಂಖ್ಯೆ ಅಲ್ಲಿ ಬರೀ ಕುತೂಹಲದ ವಿಷಯ ಅಲ್ಲ, ಅಧಿಕಾರದ ಲೆಕ್ಕ.

ಕಾರ್ಲ್ಸ್‌ಬಾಡ್ ಗುಹೆ ನೋಡಲು ಹೋಗುವವರು ಸ್ವಲ್ಪ ಬಳಸಿ ಹೋದರೆ ಮೆಂಟೋನ್ ಸಿಗುತ್ತೆ. ಪೆಟ್ರೋಲು ಮಾತ್ರ ಪೆಕೋಸ್ ಪಟ್ಟಣದಲ್ಲೇ ತುಂಬಿಸಿಕೊಳ್ಳಿ.