ಧೂಳಿಗೊಂದು ಹೆಸರು

ನಮ್ಮ ಮನೆಯಲ್ಲಿ ಬೇರೆ ಯಾವುದಕ್ಕೆ ಕೊರತೆಯಿದ್ದರೂ ಧೂಳಿಗೆ ಕೊರತೆಯಿಲ್ಲ. ಮನೆ ರಸ್ತೆಗೆ ಅಂಟಿಕೊಂಡಿದೆ. ಮನೆಯೊಡತಿ ಕನ್ನಡ ಅಧ್ಯಾಪಕಿ. ಮೊದಲನೆಯ ಕಾರಣದಿಂದ ಧೂಳು ಒಳಗೆ ಬರುತ್ತದೆ, ಎರಡನೆಯ ಕಾರಣದಿಂದ ಒಳಗೇ ಉಳಿಯುತ್ತದೆ. ಪುಸ್ತಕದ ಬೀರುಗಳ ಮೇಲೆ ಕುಳಿತ ಧೂಳನ್ನು ನಾನಂತೂ ಎಬ್ಬಿಸಿ ತೊಂದರೆ ಕೊಡುವವಳಲ್ಲ. ಹಾಸನದ ಕಡೆಯ ನಮ್ಮೂರಿನಿಂದ ನನ್ನ ತಾಯಿ ಬಂದಾಗ ಮಾತ್ರ ಅದಕ್ಕೆ ಗಂಡಾಂತರ. ಬಂದವರು ಕಾಫಿ ಕುಡಿದು ಮುಗಿಸುವುದರೊಳಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಪೊರಕೆ ಹಿಡಿದಿರುತ್ತಾರೆ. “ನಾಲ್ಕಕ್ಷರ ಕಲಿತವರ ಮನೆಯೇನೇ ಇದು?” ಎನ್ನುತ್ತಾರೆ. ನಾಲ್ಕಕ್ಷರ ಕಲಿತದ್ದರಿಂದಲೇ ಹೀಗಾಯಿತು ಎಂದು ಹೇಳುವ ಧೈರ್ಯ ನನಗೆ ಇದುವರೆಗೆ ಬಂದಿಲ್ಲ.

ಹೋದ ಬೇಸಗೆಯಲ್ಲಿ ಅವರು ಹೀಗೆ ಬಂದಿದ್ದಾಗ, ಒಂದು ಮಧ್ಯಾಹ್ನ, ಹನ್ನೆರಡು ವರ್ಷದ ನನ್ನ ಮಗಳು ಕೇಳಿದಳು: “ಅಮ್ಮಾ, ಡಸ್ಟ್ ಅನ್ನುವುದಕ್ಕೆ ಕನ್ನಡದಲ್ಲಿ ಏನು?”

“ಧೂಳು,” ಎಂದೆ. ಇಷ್ಟಕ್ಕೆಲ್ಲ ಎಂ.ಎ. ಮಾಡಬೇಕಾಗಿರಲಿಲ್ಲ.

“ಆ ಡಸ್ಟ್ ಅಲ್ಲಮ್ಮ. ದೊಡ್ಡ ಅಕ್ಷರದ ಡಸ್ಟ್.”

ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬ ಭೇದವಿಲ್ಲ. ಅರಸನೂ ಅಗಸನೂ ಒಂದೇ ಗಾತ್ರದ ‘ಅ’ದಿಂದ ಆರಂಭವಾಗುತ್ತಾರೆ. ತರಗತಿಯಲ್ಲಿ ನಾನು ಇದನ್ನು ಒಂದು ಹೆಮ್ಮೆಯ ಸಂಗತಿಯೆಂಬಂತೆ ಹೇಳುವುದುಂಟು. ಆದರೆ ಆ ದಿನ ಅದೇ ತೊಡಕಾಯಿತು. ಅವಳ ಕೈಯಲ್ಲಿದ್ದದ್ದು ಫಿಲಿಪ್ ಪುಲ್‌ಮನ್ ಎಂಬ ಇಂಗ್ಲಿಷ್ ಲೇಖಕರ ಕಾದಂಬರಿಮಾಲೆಯ ಮೂರನೆಯ ಸಂಪುಟ. ಅದರ ಕಥೆಯನ್ನು ಅವಳು ದಿನವೂ ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಅಜ್ಜಿಗೆ ಇಂಗ್ಲಿಷು ಬಾರದು. ಕಥೆಯ ಹುಚ್ಚು ಮಾತ್ರ ಮೊಮ್ಮಗಳಿಗಿಂತ ಒಂದು ಕೈ ಹೆಚ್ಚು. ಕಥಾನಾಯಕಿ ಲೈರಾ ಆಗಲೇ ‘ಲೀಲಾ’ ಆಗಿದ್ದಳು. ಆ ಲೋಕದ ಪ್ರತಿಯೊಬ್ಬನ ಅಂತರಾತ್ಮವೂ ಒಂದು ಪ್ರಾಣಿಯ ರೂಪದಲ್ಲಿ ಹೊರಗೇ ಇದ್ದು ಅವನ ಜೊತೆಯಲ್ಲೇ ಓಡಾಡುತ್ತದೆ. ಇದನ್ನು ನನ್ನ ಮಗಳು, “ಪ್ರಾಣವೇ ಪ್ರಾಣಿ, ಅಜ್ಜಿ” ಎಂದು ಮೂರು ಮಾತಿನಲ್ಲಿ ಮುಗಿಸಿದ್ದಳು. ನನ್ನ ಯಾವ ವಿದ್ಯಾರ್ಥಿಯೂ ಇಷ್ಟು ಚೆನ್ನಾಗಿ ಅನುವಾದ ಮಾಡಿದ್ದನ್ನು ನಾನು ಕಂಡಿಲ್ಲ. ಧೂಳಿನ ಹತ್ತಿರ ಬಂದಾಗ ಮಾತ್ರ ಅವಳಿಗೆ ಮಾತು ಸಿಕ್ಕಿರಲಿಲ್ಲ.

ಹೆಸರು ಕೊಡಬೇಕಾದರೆ ವಸ್ತುವನ್ನು ನೋಡಬೇಕಲ್ಲ! ಅವಳು ಓದಿ ಬದಿಗಿಟ್ಟಿದ್ದ ಮೊದಲ ಸಂಪುಟವನ್ನು ಆ ರಾತ್ರಿ ತೆರೆದೆ. ಮುಂದಿನ ಹದಿನೈದು ದಿನ ನನ್ನ ಮೌಲ್ಯಮಾಪನದ ಕೆಲಸ ಏನಾಯಿತೆಂಬುದನ್ನು ಇಲ್ಲಿ ಹೇಳುವುದು ಕ್ಷೇಮವಲ್ಲ.

ಪುಲ್‌ಮನ್ ಆಕ್ಸ್‌ಫರ್ಡಿನಲ್ಲಿ ಶಾಲಾಮಾಸ್ತರರಾಗಿದ್ದವರು. ಮೂರು ಸಂಪುಟಗಳೂ 1995, 1997 ಮತ್ತು 2000ದಲ್ಲಿ ಹೊರಬಂದವು. ಮಾಲೆಗೆ ‘ಹಿಸ್ ಡಾರ್ಕ್ ಮೆಟೀರಿಯಲ್ಸ್’ ಎಂದು ಹೆಸರು. ಅದು ಮಿಲ್ಟನ್ ಕವಿ 1667ರಲ್ಲಿ ಪ್ರಕಟಿಸಿದ ‘ಪ್ಯಾರಡೈಸ್ ಲಾಸ್ಟ್’ ಕಾವ್ಯದ ಎರಡನೆಯ ಪರ್ವದಿಂದ ಎತ್ತಿಕೊಂಡದ್ದು. ಸೃಷ್ಟಿಕರ್ತನು ಮನಸ್ಸು ಮಾಡಿದರೆ ಇನ್ನಷ್ಟು ಲೋಕಗಳನ್ನು ಮಾಡಬಹುದಾದ ಕಚ್ಚಾ ಸಾಮಗ್ರಿ, ಇನ್ನೂ ರೂಪ ಪಡೆಯದ ಕತ್ತಲೆಯ ದ್ರವ್ಯ, ಎಂದು ಅದರ ತಾತ್ಪರ್ಯ. ಆ ದ್ರವ್ಯವನ್ನೇ ಪುಲ್‌ಮನ್ ಧೂಳಾಗಿಸಿದ್ದಾರೆ.

ಕಥೆಯ ಆರಂಭದಲ್ಲಿ ಲೈರಾ ಒಂದು ಕಾಲೇಜಿನ ಕೋಣೆಯ ಬಟ್ಟೆಯ ಬೀರುವಿನೊಳಗೆ ಅಡಗಿ ಕುಳಿತು ದೊಡ್ಡವರ ಮಾತು ಕೇಳುತ್ತಾಳೆ. ಅಲ್ಲಿ ಒಂದು ಚಿತ್ರವನ್ನು ತೋರಿಸುತ್ತಾರೆ. ಅದರಲ್ಲಿ ಒಬ್ಬ ಗಂಡಸಿನ ಮೇಲೆ ಆಕಾಶದಿಂದ ಬೆಳಕಿನ ಕಣಗಳು ಸುರಿಯುತ್ತಿವೆ. ಅವನ ಪಕ್ಕದಲ್ಲೇ ನಿಂತ ಮಗುವಿಗೆ ಆ ಮಳೆಯಿಲ್ಲ. ಇದೇ ಧೂಳು. ಮಕ್ಕಳ ಮೇಲೆ ಅದು ಕೂರುವುದಿಲ್ಲ; ಬಾಲ್ಯ ಮುಗಿಯುವ ಹೊತ್ತಿಗೆ ಕೂರತೊಡಗುತ್ತದೆ. ಅದುವರೆಗೆ ಗಳಿಗೆಗೊಂದು ರೂಪ ತಾಳುತ್ತಿದ್ದ ಆ ‘ಪ್ರಾಣಿ’ಯೂ ಆಗಲೇ ಒಂದು ರೂಪದಲ್ಲಿ ನೆಲೆಗೊಳ್ಳುತ್ತದೆ. ಆ ಲೋಕದ ಮಠಾಧಿಕಾರಿಗಳು ಇದನ್ನು ನೋಡಿ ಬೆದರಿಬಿಡುತ್ತಾರೆ. ಮೈನೆರೆಯುವ ಹೊತ್ತಿಗೇ ಮೆತ್ತಿಕೊಳ್ಳುವ ಈ ವಸ್ತು ಆದಿಪಾಪವಲ್ಲದೆ ಇನ್ನೇನು? ಅದು ಮೆತ್ತಿಕೊಳ್ಳುವುದರೊಳಗೆ ಮಕ್ಕಳನ್ನು ಕದ್ದು, ಉತ್ತರದ ಹಿಮದ ನಾಡಿಗೆ ಸಾಗಿಸಿ, ಮಗುವನ್ನೂ ಅದರ ಪ್ರಾಣವನ್ನೂ ಎರಡಾಗಿ ಕತ್ತರಿಸುವ ಏರ್ಪಾಡು ನಡೆಯುತ್ತದೆ. ಎಲ್ಲವೂ ಮಕ್ಕಳ ಹಿತಕ್ಕಾಗಿ. ಕತ್ತರಿಸುವವರು ದಾದಿಯರಂತೆ ನಯವಾಗಿಯೇ ಮಾತಾಡುತ್ತಾರೆ.

ಆಮೇಲಿನ ಸಂಪುಟಗಳಲ್ಲಿ ಈ ನಂಬಿಕೆಯೆಲ್ಲ ತಲೆಕೆಳಗಾಗುತ್ತದೆ. ಧೂಳು ಪಾಪವಲ್ಲ, ಜಡವಸ್ತು ತನ್ನನ್ನು ತಾನು ಅರಿಯತೊಡಗಿದಾಗ ಹುಟ್ಟುವಂಥದು. ಮನುಷ್ಯನ ಅರಿವು, ಪ್ರೀತಿ, ಕುತೂಹಲಗಳಿಂದ ಅದು ಬೆಳೆಯುತ್ತದೆ, ಅದರಿಂದ ಇವು ಬೆಳೆಯುತ್ತವೆ. ನಮ್ಮ ಲೋಕದಿಂದ ಹೋದ ಮೇರಿ ಎಂಬ ಭೌತವಿಜ್ಞಾನಿ ಇನ್ನೊಂದು ಲೋಕದಲ್ಲಿ ಮರದ ಅರಗನ್ನು ತೆಳುವಾದ ಹಲಗೆ ಮಾಡಿ, ಎಣ್ಣೆ ಸವರಿ, ಅದರ ಮೂಲಕ ನೋಡುತ್ತಾಳೆ. ಬಂಗಾರದ ಬಣ್ಣದ ಧೂಳು ಕಾಣುತ್ತದೆ. ಅಲ್ಲಿನ ಹೆಮ್ಮರಗಳ ಹೂಗಳು ಮುಗಿಲಿನ ಕಡೆ ಬಾಯಿ ತೆರೆದಿರುವುದು ಈ ಧೂಳು ಬೀಳಲೆಂದು. ಅದು ಬಿದ್ದರೆ ಕಾಯಿ, ಇಲ್ಲದಿದ್ದರೆ ಇಲ್ಲ. ಆದರೆ ಧೂಳು ಸೋರಿಹೋಗುತ್ತಿದೆ. ಒಂದು ಮಾಯದ ಚೂರಿಯಿಂದ ಲೋಕಲೋಕಗಳ ನಡುವೆ ಯಾರು ಯಾರೋ ಕೊಯ್ದು ತೆರೆದ ಕಿಟಕಿಗಳು ಅದಕ್ಕೆ ದಾರಿ. ಮರಗಳು ಬಂಜೆಯಾಗಿ ಸಾಯುತ್ತಿವೆ.

ಇಷ್ಟು ತಿಳಿಯುವ ಮೊದಲೇ, ಮಗಳು ಕೇಳಿದ ದಿನವೇ, ನಾನು ನಿಘಂಟುಗಳನ್ನು ಹರವಿಕೊಂಡು ಕುಳಿತಿದ್ದೆ. ಕಿಟ್ಟೆಲರ 1894ರ ನಿಘಂಟಿನ ಮೇಲಿನ ಧೂಳು ಒರೆಸಿದ್ದು ಬಹುಕಾಲದ ಮೇಲೆ ಅಂದೇ. ಹುಡಿ ಎಂದರೆ ಅಡಿಗೆಮನೆಯ ನೆನಪು ಬರುತ್ತದೆ. ರೇಣು ಚೆನ್ನಾಗಿದೆ, ಆದರೆ ಪಕ್ಕದ ಬೀದಿಯಲ್ಲಿ ಒಬ್ಬರ ಹೆಸರು ಅದು. ಗವಾಕ್ಷಿಯಿಂದ ಇಳಿದ ಬಿಸಿಲಿನಲ್ಲಿ ತೇಲುವ ಕಣಕ್ಕೆ ನಮ್ಮ ಹಿಂದಿನವರು ‘ತ್ರಸರೇಣು’ ಎಂದು ಹೆಸರಿಟ್ಟು, ಕಣ್ಣಿಗೆ ಕಾಣುವ ಅಳತೆಗಳಲ್ಲಿ ಅದೇ ಮೊದಲನೆಯದು ಎಂದರು. ಸೊಗಸಾದ ಮಾತು, ಆದರೆ ಅಜ್ಜಿಗೆ ಹೇಳುವ ಕಥೆಯಲ್ಲಿ ಹಲ್ಲಿಗೆ ಸಿಕ್ಕುವ ಕಲ್ಲು. ಕೊನೆಗೆ ಬಂದದ್ದು ‘ರಜ’.

ರಜ ಎಂದರೆ ಧೂಳು. ಹೂವಿನ ಪರಾಗವೂ ರಜವೇ. ಮೂರು ಗುಣಗಳಲ್ಲಿ ಚಲನೆಗೂ ಆಸೆಗೂ ಮೂಲವಾದದ್ದು ರಜಸ್ಸು. ಹೆಣ್ಣಿನ ತಿಂಗಳ ಸ್ರಾವವೂ ರಜಸ್ಸು. ಪುಲ್‌ಮನ್ ಮೂರು ಸಂಪುಟಗಳಲ್ಲಿ ಹೇಳಿದ್ದೆಲ್ಲ ಸಂಸ್ಕೃತದ ಈ ಎರಡಕ್ಷರದಲ್ಲಿ ಮೊದಲೇ ಮಡಿಸಿ ಇಟ್ಟಂತಿದೆಯಲ್ಲ! ಬೇರೆ ದಿನವಾಗಿದ್ದರೆ ಓಡಿಹೋಗಿ ಮಗಳಿಗೆ ಹೇಳುತ್ತಿದ್ದೆ. ಆ ದಿನ ಹೇಳದೆ ನಿಘಂಟನ್ನು ಮುಚ್ಚಿದೆ.

ಏಕೆಂದರೆ, ಅವಳು ಆ ಪ್ರಶ್ನೆಯನ್ನು ಎಲ್ಲಿ ಕುಳಿತು ಕೇಳಿದಳೆಂಬುದನ್ನು ನಾನು ಇನ್ನೂ ಹೇಳಿಲ್ಲ. ಹಿಂಬದಿಯ ಚಿಕ್ಕ ಕೋಣೆಯಲ್ಲಿ, ಚಾಪೆಯ ಮೇಲೆ, ಪಕ್ಕದಲ್ಲಿ ಬೇರೆ ತಟ್ಟೆ, ಬೇರೆ ಲೋಟ. ಹಿಂದಿನ ದಿನವಷ್ಟೇ ಅವಳು ದೊಡ್ಡವಳಾಗಿದ್ದಳು. ನನ್ನ ತಾಯಿ ಏನೂ ಜೋರು ಮಾಡಲಿಲ್ಲ, “ನಾನಿರುವಷ್ಟು ದಿನವಾದರೂ...” ಎಂದು ಅರ್ಧಕ್ಕೆ ನಿಲ್ಲಿಸಿದರು. ನಾನು ಮಗಳಿಗೆ, “ಮೂರು ದಿನ ತಾನೆ? ಅಜ್ಜಿಯ ಮನಸ್ಸು ನೋಯಿಸುವುದು ಬೇಡ” ಎಂದೆ. ತುಂಬ ನಯವಾಗಿಯೇ ಹೇಳಿದೆ. ಹನ್ನೆರಡನೆಯ ಶತಮಾನದ ಶರಣರು ಅಲ್ಲಗಳೆದ ಐದು ಸೂತಕಗಳಲ್ಲಿ ರಜಸ್ಸೂತಕವೂ ಒಂದೆಂದು ವರ್ಷವರ್ಷವೂ ಹಲಗೆಯ ಮೇಲೆ ಬರೆದು ಅಡಿಗೆರೆ ಎಳೆಯುವವಳು ನಾನು. ನನ್ನನ್ನು ಊರಿನ ಹಿತ್ತಿಲ ಜಗಲಿಯಲ್ಲಿ ಕೂರಿಸಿದಾಗ, ನನ್ನ ಮಗಳಿಗೆ ಹೀಗೆ ಮಾಡುವುದಿಲ್ಲವೆಂದು ಅಂದುಕೊಂಡಿದ್ದವಳೂ ನಾನೇ. ಮಗಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಪುಸ್ತಕ ತೆಗೆದುಕೊಂಡು ಎದ್ದುಹೋದಳು. ಅವಳು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಎರಡನೆಯ ದಿನ ಸಂಜೆ ಕಥೆಯ ಹೊತ್ತಾಯಿತು. ತಾಯಿ ಹೊಸ್ತಿಲಿನಿಂದ ಮೂರು ಮಾರು ದೂರದಲ್ಲಿ ಮಣೆ ಹಾಕಿಕೊಂಡು ಕುಳಿತು, “ಮುಂದೇನಾಯ್ತೇ?” ಎಂದರು.

“ಅದಕ್ಕೆ ಹೆಸರು ಸಿಕ್ಕಿಲ್ಲ, ಅಜ್ಜಿ. ಅದು ಬಂಗಾರದ ಥರ ಇರುತ್ತೆ. ಎಲ್ಲ ಕಡೆಯೂ ಇರುತ್ತೆ. ಆದರೆ ಬರಿಗಣ್ಣಿಗೆ ಕಾಣೋದಿಲ್ಲ.”

“ಬಿಸಿಲುಕೋಲಿನಲ್ಲಿ ಆಡುತ್ತಲ್ಲ, ಅಂಥದೇನೇ?”

ಒಳಗಿನಿಂದ ಸ್ವಲ್ಪ ಹೊತ್ತು ಸದ್ದಿಲ್ಲ. “ಹೂಂ, ಅಂಥದೇ. ಬಿಸಿಲುಧೂಳು.”

ಹೆಸರು ಹೀಗೆ ಸಿಕ್ಕಿತು. ನನ್ನ ನಿಘಂಟುಗಳ ಹಂಗಿಲ್ಲದೆ.

ತಾಯಿಗೆ ಎಡಗಿವಿ ಮಂದ. ಮರಗಳು ಸಾಯುವ ಭಾಗಕ್ಕೆ ಬಂದಾಗ ಮಣೆ ಒಂದು ಗೇಣು ಮುಂದೆ ಸರಿಯಿತು. ಕಿಟಕಿಗಳನ್ನೆಲ್ಲ ಮುಚ್ಚಲೇಬೇಕು, ಮುಚ್ಚಿದರೆ ಲೈರಾ ಒಂದು ಲೋಕದಲ್ಲಿ, ಅವಳು ಮೆಚ್ಚಿದ ಹುಡುಗ ಇನ್ನೊಂದು ಲೋಕದಲ್ಲಿ ಉಳಿಯಬೇಕು ಎನ್ನುವಾಗ ಮಣೆ ಹೊಸ್ತಿಲಿಗೆ ಮುಟ್ಟಿತ್ತು. ಲೈರಾಳ ಬಳಿ ಸತ್ಯ ನುಡಿಯುವ ಒಂದು ಯಂತ್ರವಿದೆ. ಅದರ ಮುಳ್ಳು ತಿರುಗುವುದು ಧೂಳಿನಿಂದಲೇ. ಮಗುವಾಗಿದ್ದಾಗ ಅವಳಿಗೆ ಅದನ್ನು ಓದುವುದು ತಾನಾಗಿ ಬರುತ್ತಿತ್ತು, ದೊಡ್ಡವಳಾದಾಗ ಹೋಯಿತು. ಇನ್ನು ಜೀವಮಾನವಿಡೀ ಪುಸ್ತಕ ಹಿಡಿದು ಕಲಿಯಬೇಕು. ಇದನ್ನು ಹೇಳುವಾಗ ನನ್ನ ಮಗಳ ಗಂಟಲು ಕಟ್ಟಿತು. ಮಾತು ತೀರ ಸಣ್ಣದಾಯಿತು. ನಾನು ಅಡಿಗೆಮನೆಯ ಬಾಗಿಲಿನಿಂದ ನೋಡುತ್ತಿದ್ದೆ. ತಾಯಿ “ಏನಂದೆ? ಏನಂದೆ?” ಎನ್ನುತ್ತ ಬಲಗಿವಿಯನ್ನು ಅವಳ ಬಾಯಿಯ ಹತ್ತಿರಕ್ಕೆ ತಂದರು. ಒಂದು ಕೈ, ತಾನು ಎಲ್ಲಿದ್ದೇನೆಂದು ಮರೆತು, ಅವಳ ಮಂಡಿಯ ಮೇಲಿತ್ತು.

ಮರುದಿನ ಬೆಳಿಗ್ಗೆ ತಾಯಿ ಕಾಫಿಗೂ ಮೊದಲು ತಲೆಗೆ ನೀರು ಹಾಕಿಕೊಂಡರು. ಯಾಕೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಬಚ್ಚಲುಮನೆಯಿಂದ, ನೀರಿನ ಸದ್ದಿನ ನಡುವೆ, ಅವರ ದನಿ ಮಾತ್ರ ಕೇಳಿಸಿತು:

“ಎದ್ದಳೇನೇ ಅವಳು? ಆ ಕಿಟಕಿಗಳನ್ನ ಮುಚ್ಚಿದರೋ ಇಲ್ಲವೋ, ಕೇಳು.”