ಮೈಸೂರಿನಲ್ಲಿ ಒಂದು ಶರದೃತು

ಆಶ್ವಯುಜ ಕಾರ್ತಿಕಗಳೆರಡೂ ಸೇರಿ ಶರದೃತುವೆಂಬುದನ್ನು ನಮ್ಮಲ್ಲಿ ಬಾಲಪಾಠವನ್ನೋದಿದವರೆಲ್ಲರೂ ಬಲ್ಲರು. ಆದರೆ 2020ನೆಯ ಇಸವಿಯ ಶರತ್ತು ಎರಡು ತಿಂಗಳಿಗೆ ಮುಗಿಯಲಿಲ್ಲ. ಆ ವರ್ಷ ಅಧಿಕಮಾಸವು ಆಶ್ವಯುಜದಲ್ಲಿಯೇ ಬಂದುದರಿಂದ, ಸೆಪ್ಟೆಂಬರ್ 17ರಂದು ಮಹಾಲಯ ಅಮಾವಾಸ್ಯೆ ಕಳೆದರೂ ನವರಾತ್ರಿಗೆ ಮತ್ತೊಂದು ತಿಂಗಳು ಕಾಯಬೇಕಾಯಿತು. ಸೆಪ್ಟೆಂಬರ್ 18ರಿಂದ ಡಿಸೆಂಬರ್ 14ರವರೆಗೆ 88 ದಿನಗಳ ಶರತ್ತು ಅದು. ಕೋವಿಡ್ ಮಹಾಮಾರಿಯು ನಾಡನ್ನೆಲ್ಲ ಆವರಿಸಿ, ಕರ್ನಾಟಕದಲ್ಲಿ ದಿನಕ್ಕೆ ಸುಮಾರು 10,000 ಜನರಲ್ಲಿ ರೋಗವು ಹೊಸದಾಗಿ ಪತ್ತೆಯಾಗುತ್ತಿದ್ದ ಕಾಲವೂ ಅದೇ.

ಶಾಲೆಗಳು ಮುಚ್ಚಿದ್ದವು. ಅಧ್ಯಾಪಕ ವೃತ್ತಿಯವರಾದ ನಾವು ಐವರು ಮಿತ್ರರು, ಮೈಸೂರಿನ ಬೇರೆ ಬೇರೆ ಬಡಾವಣೆಗಳಲ್ಲಿ ಇರತಕ್ಕವರು, ಆಗ ಒಂದು ನಿಯಮವನ್ನು ಮಾಡಿಕೊಂಡೆವು. ಪ್ರತಿದಿನವೂ ಒಬ್ಬೊಬ್ಬರು ತಮ್ಮ ಮನೆಯ ಆಸುಪಾಸಿನ ಒಂದು ಛಾಯಾಚಿತ್ರವನ್ನು ಮೊಬೈಲ್ ಫೋನಿನಲ್ಲಿ ತೆಗೆದು, ಋತುವನ್ನು ಕುರಿತು ಎರಡು ವಾಕ್ಯಗಳೊಡನೆ ಉಳಿದ ನಾಲ್ವರಿಗೆ ಕಳುಹಿಸತಕ್ಕದ್ದು. ಮಕ್ಕಳ ಹಾಜರಿ ತೆಗೆದುಕೊಳ್ಳಲಾಗದಿದ್ದ ದಿನಗಳಲ್ಲಿ ಇದು ನಮ್ಮ ಹಾಜರಿಯಾಯಿತು. ರಾತ್ರಿ ಮಲಗುವ ಮುನ್ನ ಐದು ಚಿತ್ರಗಳೂ ಬಂದಿವೆಯೇ ಎಂದು ಎಣಿಸುವುದು ಎಲ್ಲರಿಗೂ ರೂಢಿಯಾಯಿತು.

ಸಂಸ್ಕೃತ ಕಾವ್ಯಗಳ ಶರತ್ತು ಉತ್ತರದೇಶದ್ದು. ಅಲ್ಲಿ ಮಳೆ ತೀರಿ, ಕೆಸರು ಆರಿ, ಆಕಾಶ ತಿಳಿಯಾಗುವುದು. ನಮ್ಮ ಮೈಸೂರಿಗೋ ಅಕ್ಟೋಬರ್ ವರ್ಷದ ಹೆಚ್ಚು ಮಳೆಯ ತಿಂಗಳುಗಳಲ್ಲೊಂದು. ನೈಋತ್ಯ ಮಾರುತವು ಹಿಂದೆಗೆಯುವ ಸಮಯದಲ್ಲಿ ಹಗಲಿನ ಬಿಸಿಲಿಗೆ ಮೋಡ ಕಟ್ಟಿ, ಸಂಜೆಗೆ ಗುಡುಗಿನೊಡನೆ ಸುರಿಯುವುದು. ನಮ್ಮ ರೈತರು ಹಸ್ತ, ಚಿತ್ತೆ, ಸ್ವಾತಿ ಎಂದು ಹೆಸರಿಟ್ಟು ಲೆಕ್ಕವಿಡುವ ಮಳೆಗಳು ಇವೇ. ಚಿತ್ರಗಳನ್ನು ಕ್ರಮವಾಗಿ ನೋಡಿದರೆ ಇದು ಸ್ಪಷ್ಟವಾಗುವುದು. ಬೆಳಗಿನ ಚಿತ್ರಗಳಲ್ಲಿ ತೊಳೆದಿಟ್ಟಂತಹ ನೀಲಿ. ಸಂಜೆಯವುಗಳಲ್ಲಿ ಚಾಮುಂಡಿ ಬೆಟ್ಟದ ನೆತ್ತಿಯೇ ಕಾಣದಷ್ಟು ಕಪ್ಪು. ಕವಿಗಳ ಶರತ್ತು ನಮ್ಮಲ್ಲಿ ಅರ್ಧದಿನದ ಶರತ್ತು.

ಕುಕ್ಕರಹಳ್ಳಿ ಕೆರೆಯ ಸಮೀಪದಲ್ಲಿದ್ದ ಮಿತ್ರರು ತಮ್ಮ ತಾರಸಿಯಿಂದ ಹೆಜ್ಜಾರ್ಲೆ ಹಕ್ಕಿಗಳು ನೀರಿಗಿಳಿಯುವುದನ್ನು ಹಿಡಿಯುತ್ತಿದ್ದರು. ನಾವು ಮುಂಜಾನೆ ಐದು ಗಂಟೆಗೆ ಎದ್ದು ದಕ್ಷಿಣದಲ್ಲಿ ಅಗಸ್ತ್ಯ ನಕ್ಷತ್ರವನ್ನು ಹುಡುಕುತ್ತಿದ್ದೆವು. ಅದು ಉದಯಿಸಿದರೆ ನೀರು ತಿಳಿಯಾಗುವುದೆಂಬುದು ಹಿರಿಯರ ನಂಬಿಕೆ. ಫೋನಿನ ಚಿತ್ರದಲ್ಲಿ ಅದೊಂದು ಚುಕ್ಕೆಯಷ್ಟೆ. ಮಿತ್ರರು ಅದನ್ನು ಬೀದಿಯ ದೀಪವೆಂದು ಪರಿಹಾಸ ಮಾಡುತ್ತಿದ್ದರು.

ಐವರಲ್ಲಿ ಒಬ್ಬರು ಮಾತ್ರ ದಿನವೂ ಒಂದೇ ಚಿತ್ರವನ್ನು ಕಳುಹಿಸುತ್ತಿದ್ದರು. ಅವರ ಮನೆ ಬೆಟ್ಟದ ತಪ್ಪಲಿನಲ್ಲಿದ್ದಿತು. ಪಕ್ಕದಲ್ಲಿ ಒಂದು ಖಾಲಿ ನಿವೇಶನ. ಅದರ ಅಂಚಿನ ಹಳ್ಳದಲ್ಲಿ ಕಾಶದ ಒಂದು ಪೊದೆ. ಕಬ್ಬಿನ ಕುಲಕ್ಕೆ ಸೇರಿದ, ಬಿಳಿಯ ಕುಚ್ಚಿನಂತೆ ಹೂಬಿಡುವ ಹುಲ್ಲು ಅದು. ಶರತ್ತಿನ ವರ್ಣನೆಯಲ್ಲಿ ಕಾಳಿದಾಸಾದಿಗಳು ಅದನ್ನು ಮರೆತವರಲ್ಲ. ಕಿಟಕಿಯ ಅದೇ ಸರಳಿಗೆ ಫೋನನ್ನು ಆನಿಸಿ ಪ್ರತಿದಿನವೂ ಏಳು ಗಂಟೆಗೆ ಅವರು ಚಿತ್ರ ತೆಗೆಯುತ್ತಿದ್ದರು. ಮೊದಲ ವಾರ ನಮಗೆ ಬೇಸರವಾದದ್ದುಂಟು. ಮೂರನೆಯ ವಾರದಲ್ಲಿ ಹಿಂದಿನವುಗಳೊಡನೆ ಹೋಲಿಸಿದಾಗ, ಉಳಿದ ನಾಲ್ವರ ಚಿತ್ರಗಳಲ್ಲಿ ಇಲ್ಲದ ಒಂದು ಸಂಗತಿ ಅವುಗಳಲ್ಲಿರುವುದು ಗೋಚರವಾಯಿತು. ಹುಲ್ಲು ಬೆಳೆಯುತ್ತಿದ್ದಿತು. ಗರಿಗಳ ನಡುವೆ ಕೆಂಪು ಛಾಯೆಯ ತೆನೆ ಇಣುಕಿದ್ದಿತು. ಇನ್ನು ನಾಲ್ಕೈದು ದಿನಗಳಲ್ಲಿ ಬೆಳ್ಳಗೆ ಅರಳುವುದೆಂದು ಅಕ್ಟೋಬರ್ 18ರಂದು ಅವರು ಬರೆದರು.

ಮರುದಿನ ಅವರ ಚಿತ್ರ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಗಂಡಹೆಂಡಿರಿಬ್ಬರಿಗೂ ಜ್ವರ ಬಂದು ಆಸ್ಪತ್ರೆ ಸೇರಿರುವರೆಂಬ ಸುದ್ದಿ ಮೂರನೆಯ ದಿನ ತಿಳಿಯಿತು. ನಮ್ಮ ನಾಲ್ವರ ಮನೆಗಳಲ್ಲಿಯೂ ವೃದ್ಧರಿದ್ದರು, ಸಕ್ಕರೆ ರೋಗದವರಿದ್ದರು. ಆಸ್ಪತ್ರೆಗೆ ಹೋಗಿ ನೋಡುವುದಕ್ಕೆ ಅಪ್ಪಣೆಯಿರಲಿಲ್ಲ. ಅವರ ಬೀದಿಗೆ ಹೋಗುವುದಕ್ಕೆ ಮನೆಯವರು ಒಪ್ಪಲಿಲ್ಲ.

ಆ ನಡುವೆಯೇ ದಸರೆ ಬಂದಿತು. ಚಾಮುಂಡಿ ಬೆಟ್ಟದಲ್ಲಿ ಅಕ್ಟೋಬರ್ 17ರಂದು ಹೃದ್ರೋಗ ತಜ್ಞರಾದ ಡಾ. ಸಿ. ಎನ್. ಮಂಜುನಾಥ್ ಅವರು ಉತ್ಸವವನ್ನು ಉದ್ಘಾಟಿಸಿದ್ದರು. ಸಾಮಾನ್ಯ ವರ್ಷಗಳಲ್ಲಿ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರು ಸಾಗುವ ಜಂಬೂಸವಾರಿಯು ಅಕ್ಟೋಬರ್ 26ರಂದು ಅರಮನೆಯ ಆವರಣದೊಳಗೇ ಮುಗಿಯಿತು. ಅಭಿಮನ್ಯುವೆಂಬ ಆನೆಯು 750 ಕಿಲೋಗ್ರಾಂ ತೂಕದ ಅಂಬಾರಿಯನ್ನು ಮೊದಲ ಬಾರಿಗೆ ಹೊತ್ತದ್ದನ್ನು ಊರಿನವರು ದೂರದರ್ಶನದಲ್ಲಿ ನೋಡಿದರು. ಅಂದು ಬಂದ ಚಿತ್ರಗಳಲ್ಲಿ ಒಂದು ಸಯ್ಯಾಜಿರಾವ್ ರಸ್ತೆಯದು. ಬೆಳಗಿನಿಂದಲೇ ಜನರು ಚಾಪೆ ಹಾಸಿ ಸ್ಥಳ ಹಿಡಿಯುವ ಕಾಲುದಾರಿಯಲ್ಲಿ ಒಂದು ನಾಯಿ ಮಲಗಿದ್ದಿತು. ಎರಡನೆಯದು ಮನೆಯೊಳಗಿನ ಬೊಂಬೆಗಳದು. ಮಗುವೊಂದು ಪಟ್ಟದ ಬೊಂಬೆಗಳಿಗೆ ಬಟ್ಟೆಯ ಮುಖಗವಸನ್ನು ಹೊಲಿದು ತೊಡಿಸಿದ್ದಿತು. ಅಂದು ರಾತ್ರಿಯೂ ಚಿತ್ರಗಳು ನಾಲ್ಕೇ.

ಮಿತ್ರರು ದೈವಕೃಪೆಯಿಂದ ಗುಣಹೊಂದಿ ಪತ್ನಿಯೊಡನೆ ಮನೆಗೆ ಬಂದರು. ನವೆಂಬರ್ 2ರಂದು ಬೆಳಗ್ಗೆ ಏಳಕ್ಕೆ ಅದೇ ಕಿಟಕಿಯ ಚಿತ್ರ ಬಂದಿತು. ಕಾಶವು ಅರಳಿ, ಸ್ವಾತಿಯ ಮಳೆಗೆ ಸಿಕ್ಕಿ, ಅರ್ಧ ಉದುರಿಹೋಗಿದ್ದಿತು. ಜೊತೆಯ ಎರಡು ವಾಕ್ಯಗಳಲ್ಲಿ ಅವರು ಕಾಯಿಲೆಯ ಮಾತನ್ನೇ ಎತ್ತಿರಲಿಲ್ಲ. ಹೂವು ಮುಗಿಯುತ್ತ ಬಂದಿದೆ, ಗಾಳಿ ಮೂಡಲಿಂದ ಬೀಸುತ್ತಿದೆ ಎಂದಷ್ಟೇ ಬರೆದಿದ್ದರು. ಅದನ್ನು ಓದಿ ನಮ್ಮ ಮನೆಯಲ್ಲಿ ಸಿಹಿ ಮಾಡಿದರು.

ಮುಂದಿನ ವರ್ಷ ಅರಳಿದಾಗ ತೆಗೆಯಬಹುದೆಂದು ಎಲ್ಲರೂ ಎಂದುಕೊಂಡಿದ್ದೆವು. 2021ರಲ್ಲಿ ಆ ನಿವೇಶನದಲ್ಲಿ ಮನೆಯ ಕೆಲಸ ಮೊದಲಾಗಿ ಹಳ್ಳ ಮುಚ್ಚಿಹೋಯಿತು. ಐವರದು ಸೇರಿ ಇರಬೇಕಾದ ಚಿತ್ರಗಳು 440, ಇರುವುವು 426. ಕಾಶದ ಪೂರ್ಣ ಶೋಭೆಯು ಆ ಇಲ್ಲದ 14ರಲ್ಲಿದೆ. ಎಷ್ಟೋ ಮನೆಗಳಲ್ಲಿ ಆ ಶರತ್ತಿನಲ್ಲಿ ನಿಂತ ಸಾಲು ಮತ್ತೆ ಮೊದಲಾಗಲಿಲ್ಲವೆಂಬುದನ್ನು ನೆನೆದರೆ, ನಮ್ಮ ನಷ್ಟ ಅತ್ಯಲ್ಪ.

ಗೃಹಸ್ಥರಾದ ವಾಚಕರಲ್ಲಿ ನಮ್ಮದೊಂದು ಸೂಚನೆಯುಂಟು. ಮನೆಯ ಒಂದು ಕಿಟಕಿಯನ್ನು ಆರಿಸಿಕೊಂಡು, ಎದುರಿನ ಗಿಡವನ್ನೋ ಗೋಡೆಯನ್ನೋ ಒಂದು ಋತುವಿನ ಕಾಲ ದಿನವೂ ಒಂದೇ ಹೊತ್ತಿಗೆ ಚಿತ್ರಿಸಿ, ದೂರದಲ್ಲಿರುವ ಬಂಧುಗಳೊಬ್ಬರಿಗೆ ಕಳುಹಿಸುತ್ತಿರಿ. ಇದಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿಯದು. ಕಳುಹಿಸದ ದಿನ ಅತ್ತಣಿಂದ ಯಾರಾದರೂ ಕರೆದು ವಿಚಾರಿಸುವರು.